ದೆವ್ವದ ಜಾಹೀರಾತಿಗೆ ಟೈಮ್ ಇಲ್ವಾ?

ಮೊನ್ನೆ ಅಕ್ಕನ ಮನೇಲಿ ಎಲ್ಲರೂ ಕೂತು ಕ್ರಿಕೆಟ್ ನೋಡ್ತಾ ಇದ್ವಿ. ಓವರ್ ಮುಗೀತು, ಯಾವುದೋ ಹಾರರ್ ಸಿನಿಮಾದ ಜಾಹೀರಾತು ಬಂತು. ಕತ್ತಲೆ ಕೋಣೆ, ತಟ್ಟನೆ ತಿರುಗೋ ಮುಖ, ಒಂದು ಕಿರುಚಾಟ. ಅಕ್ಕ ರಿಮೋಟ್ ಹುಡುಕೋ ಹೊತ್ತಿಗೆ ಮುಗಿದೇ ಹೋಗಿತ್ತು. ಐದು ವರ್ಷದ ಅವಳ ಮಗಳು ಮಾತ್ರ ಮೂರು ರಾತ್ರಿ ಲೈಟ್ ಆರಿಸೋಕೆ ಬಿಡಲಿಲ್ಲ.

"ಅಯ್ಯೋ, ಬರೀ ಜಾಹೀರಾತು ಬಿಡು" ಅಂತೀವಲ್ಲ, ಅಲ್ಲೇ ನಾವು ಎಡವೋದು. ಏಳೆಂಟು ವರ್ಷದ ತನಕ ಮಕ್ಕಳಿಗೆ ನಟನೆ ಯಾವುದು, ನಿಜ ಯಾವುದು ಅನ್ನೋದು ಪೂರ್ತಿ ಗಟ್ಟಿಯಾಗಿರಲ್ಲ. ಕಣ್ಣಿಗೆ ಕಂಡ ವಿಕಾರ ಮುಖವೇ ಸಾಕು. ಸ್ವಲ್ಪ ದೊಡ್ಡವರಾದರೆ ಭಯದ ರೂಪ ಬದಲಾಗುತ್ತೆ. ತಂಬಾಕಿನ ಮುಕೇಶ್ ಜಾಹೀರಾತು ನೋಡಿದ ಹತ್ತು ವರ್ಷದ ಹುಡುಗನಿಗೆ "ಅಪ್ಪನೂ ಸಾಯ್ತಾನಾ?" ಅನ್ನೋ ಯೋಚನೆ ಹತ್ತುತ್ತೆ.

ಇನ್ನೊಂದು ವ್ಯತ್ಯಾಸ ಇದೆ. ಸಿನಿಮಾ ನಾವು ಆರಿಸಿ ನೋಡೋದು. ಜಾಹೀರಾತು ಕರೆಯದೇ ಬರುತ್ತೆ. ಮೊದಲೇ ಎಚ್ಚರಿಕೆ ಇರಲ್ಲ.

ಕಾನೂನು ಏನನ್ನುತ್ತೆ? 1994ರ ಕೇಬಲ್ ಟಿವಿ ನಿಯಮಗಳ ಪ್ರಕಾರ, ಮಕ್ಕಳಿಗೆ ತಕ್ಕದ್ದಲ್ಲದ ಕಾರ್ಯಕ್ರಮವನ್ನು ಹೆಚ್ಚು ಮಕ್ಕಳು ನೋಡೋ ಹೊತ್ತಲ್ಲಿ ಹಾಕಬಾರದು. ಜಾಹೀರಾತಿನ ನಿಯಮದಲ್ಲಿ ಮಕ್ಕಳ ಸುರಕ್ಷತೆಗೆ ಅಪಾಯ ತರೋದು ಬೇಡ ಅಂತಿದೆ. ಆದರೆ ಹೆದರಿಕೆ ಆ "ಅಪಾಯ"ದಲ್ಲಿ ಸೇರುತ್ತಾ? ಅದು ವಾದಕ್ಕೆ ಬಿಟ್ಟಿದ್ದು.

ಟೈಮ್ ಕಟ್ಟೋಕೆ ಆಗಲ್ವಾ ಅಂದ್ರೆ, ಆಗುತ್ತೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಗ್ಗೆ 6ರ ಒಳಗೆ ಮಾತ್ರ ಹಾಕಿ ಅಂತ ಚಾನೆಲ್‌ಗಳಿಗೆ ಹೇಳಿತ್ತು. ಆಮೇಲೆ ಅದು ಲೈಂಗಿಕವಾಗಿ ಪ್ರಚೋದಿಸೋ ಜಾಹೀರಾತುಗಳಿಗೆ ಮಾತ್ರ ಅಂತ ಸ್ಪಷ್ಟನೆ ಕೊಟ್ಟಿತು. ಮಕ್ಕಳ ಹೆಸರಲ್ಲಿ ಅದಕ್ಕೆ ಗಡಿಯಾರ ಇಡಬಹುದಾದರೆ, ಕಿರುಚೋ ದೆವ್ವಕ್ಕೆ ಯಾಕೆ ಬೇಡ?

ಮಕ್ಕಳು ನೋಡ್ತಿದ್ದಾರೆ ಅಂತ ಚಾನೆಲ್‌ಗೆ ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ. ಟಿವಿ ರೇಟಿಂಗ್ ಲೆಕ್ಕ ಹಾಕೋ ಬಾರ್ಕ್ ಸಂಸ್ಥೆ 2 ವರ್ಷ ಮೇಲ್ಪಟ್ಟ ವೀಕ್ಷಕರನ್ನೂ ಎಣಿಸುತ್ತೆ. ಆ ಲೆಕ್ಕ ತೋರಿಸಿಯೇ ಸ್ಲಾಟ್ ಮಾರೋದು. ನಾನು ಬಿ.ಕಾಂ. ಓದಿದವನು, ನನಗೆ ಇದು ಸರಳ ವ್ಯವಹಾರ: ಮಗುವನ್ನ ಎಣಿಸಿ ದುಡ್ಡು ತಗೊಂಡ್ರೆ, ಮಗುವಿನ ಜವಾಬ್ದಾರಿನೂ ಲೆಕ್ಕಕ್ಕೆ ಬರಬೇಕು.

ಹಾಗಂತ ಹೆದರಿಸೋದೆಲ್ಲ ತಪ್ಪಲ್ಲ. ತಂಬಾಕು ಎಚ್ಚರಿಕೆ ಒಂದು ಜೀವ ಉಳಿಸೋಕೆ ಬರುತ್ತೆ, ಅದು ನಿಲ್ಲಬಾರದು. ಟಿಕೆಟ್ ಮಾರೋಕೆ ಹೆದರಿಸೋದು ಬೇರೆ. ಅದು ತಡರಾತ್ರಿಗೆ ಹೋಗಲಿ, ಇಲ್ಲಾ ಕಿರುಚಾಟ ಬಿಟ್ಟು ಕತೆ ಹೇಳಲಿ.

ನಿಮ್ಮ ಮನೇಲೂ ಹೀಗಾದ್ರೆ ಚಾನೆಲ್ ಹೆಸರು, ದಿನಾಂಕ, ಸಮಯ ಬರೆದಿಟ್ಕೊಳ್ಳಿ. ಚಾನೆಲ್‌ಗೆ ದೂರು ಕೊಡಿ. ಜಾಹೀರಾತು ಗುಣಮಟ್ಟ ನೋಡೋ ಆಸ್ಕಿ ಸಂಸ್ಥೆಗೂ ಆನ್‌ಲೈನ್‌ನಲ್ಲೇ ಕೊಡಬಹುದು. ಅದಕ್ಕೂ ಮೊದಲು ಮಗು ಪಕ್ಕ ಕೂತ್ಕೊಂಡು, ಆ ಮುಖಕ್ಕೆ ಬಣ್ಣ ಹಚ್ಚಿದ್ದು ಹೇಗೆ ಅಂತ ಹೇಳಿ. "ಹೆದರ್‌ಬೇಡ" ಅಂತ ಗದರೋದಕ್ಕಿಂತ ಅದು ವಾಸಿ. ನಮ್ಮ ಪುಟ್ಟಿ ನಾಲ್ಕನೇ ರಾತ್ರಿ ತಾನೇ ಲೈಟ್ ಆರಿಸಿದಳು.

ಮುಂದಿನ ವಾರ ಸಿಗೋಣ.