ದೇಹದೊಳಗಿನ ಶ್ರವಣಸಾಧನ ಮತ್ತು ನಿಸ್ತಂತು ಸಂಪರ್ಕ: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ದೃಷ್ಟಿಯಿಂದ

ದೇಹದೊಳಗೆ ಅಳವಡಿಸಿದ ಯಂತ್ರದೊಡನೆ ಹೊರಗಿನಿಂದ ಸಂಪರ್ಕ ಇರಿಸಿಕೊಳ್ಳುವುದು ಹೇಗೆಂಬುದು ವೈದ್ಯಕೀಯ ತಂತ್ರಜ್ಞಾನದ ಮೂಲಭೂತ ಪ್ರಶ್ನೆಗಳಲ್ಲೊಂದು. ಚರ್ಮವನ್ನು ಭೇದಿಸಿ ಹೊರಬರುವ ತಂತಿ ಸೋಂಕಿಗೆ ದಾರಿಯಾಗುತ್ತದೆ. ಆದಕಾರಣ ಆರಂಭದಿಂದಲೇ ನಿಸ್ತಂತು ಮಾರ್ಗದ ಶೋಧ ನಡೆಯಿತು. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಇರಿಸಿದ ಪ್ರಥಮ ಪೇಸ್‌ಮೇಕರ್‌ನ ಬ್ಯಾಟರಿಯನ್ನು ಹೊರಗಿನ ಸುರುಳಿಯಿಂದ, ವಿದ್ಯುತ್ಕಾಂತೀಯ ಪ್ರೇರಣೆಯ ಮೂಲಕ ಚಾರ್ಜ್ ಮಾಡಲಾಗುತ್ತಿತ್ತು. ಇಂದಿನ ಪೇಸ್‌ಮೇಕರುಗಳು ಸ್ವಂತ ಬ್ಯಾಟರಿಯಿಂದ ನಡೆಯುತ್ತವೆ. ಹೊರಗಿನ ಸಂಪರ್ಕ ಅವುಗಳಿಗೆ ಆಗೀಗ ಸಾಕು. ಕಾಕ್ಲಿಯರ್ ಇಂಪ್ಲಾಂಟ್‌ನ ಸ್ಥಿತಿ ಹಾಗಲ್ಲ. ಸಾಮಾನ್ಯ ಬಳಕೆಯಲ್ಲಿರುವ ಇಂಪ್ಲಾಂಟ್‌ಗಳ ಒಳಭಾಗದಲ್ಲಿ ಬ್ಯಾಟರಿಯೇ ಇಲ್ಲ. ನಿಸ್ತಂತು ಸಂಪರ್ಕ ಕಡಿದ ಕ್ಷಣದಲ್ಲೇ ಶ್ರವಣವೂ ನಿಲ್ಲುತ್ತದೆ.

ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಅವರು 1978ರಲ್ಲಿ ಮೆಲ್ಬರ್ನ್‌ನಲ್ಲಿ ಅಳವಡಿಸಿದ ಬಹುವಾಹಿನಿ ಇಂಪ್ಲಾಂಟ್ ಈ ಕ್ಷೇತ್ರದ ಮುಖ್ಯ ಮೈಲಿಗಲ್ಲು. ಇದರ ಕಾರ್ಯವಿಧಾನ ಹೀಗಿದೆ: ಕಿವಿಯ ಹಿಂದೆ ಧರಿಸುವ ಸಾಧನದ ಮೈಕ್ರೊಫೋನು ಧ್ವನಿಯನ್ನು ಗ್ರಹಿಸುತ್ತದೆ, ಸಂಸ್ಕಾರಕವು ಅದನ್ನು ಆವರ್ತನಗಳಾಗಿ ವಿಂಗಡಿಸಿ ಸಂಕೇತವನ್ನಾಗಿಸುತ್ತದೆ. ತಲೆಯ ಮೇಲೆ ಆಯಸ್ಕಾಂತದ ಆಸರೆಯಲ್ಲಿ ನಿಂತ ಪುಟ್ಟ ಸುರುಳಿಯು ಆ ಸಂಕೇತವನ್ನೂ ಯಂತ್ರಕ್ಕೆ ಬೇಕಾದ ವಿದ್ಯುಚ್ಛಕ್ತಿಯನ್ನೂ ಒಟ್ಟಿಗೇ ರೇಡಿಯೊ ಆವರ್ತನದಲ್ಲಿ ಚರ್ಮದೊಳಗಿನ ಸುರುಳಿಗೆ ರವಾನಿಸುತ್ತದೆ. ಒಂದು ಪ್ರಸಿದ್ಧ ಮಾದರಿಯಲ್ಲಿ ಈ ಆವರ್ತನ 5 ಮೆಗಾಹರ್ಟ್ಸ್. ಅತಿ ಉನ್ನತ ಆವರ್ತನಗಳನ್ನು ಜಲಾಂಶವುಳ್ಳ ಅಂಗಾಂಶ ಹೀರಿಕೊಳ್ಳುವುದರಿಂದ ಈ ಆಯ್ಕೆ ಸಹಜವಾದುದು. ಕೊನೆಗೆ ಕಾಕ್ಲಿಯಾದೊಳಗಿನ ಎಲೆಕ್ಟ್ರೋಡುಗಳು ಶ್ರವಣನರವನ್ನು ಪ್ರಚೋದಿಸುತ್ತವೆ. ಅದೇ ಮಾರ್ಗದಲ್ಲಿ ಒಳಗಿನ ಯಂತ್ರವು ಎಲೆಕ್ಟ್ರೋಡುಗಳ ವಿದ್ಯುತ್ ಪ್ರತಿರೋಧದ ವಿವರವನ್ನು ಹೊರಕ್ಕೆ ತಿಳಿಸುತ್ತದೆ.

ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳ ನಂತರ ಯಂತ್ರವನ್ನು ಮೊದಲ ಬಾರಿಗೆ ಚಾಲನೆಗೊಳಿಸಲಾಗುತ್ತದೆ. ಪ್ರತಿಯೊಂದು ಎಲೆಕ್ಟ್ರೋಡಿಗೂ ಎಷ್ಟು ವಿದ್ಯುತ್ ಬೇಕೆಂಬುದನ್ನು ನಿರ್ಧರಿಸುವ ಈ ಕಾರ್ಯಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಮೊದಲ ವರ್ಷದಲ್ಲಿ ಇದನ್ನು ಹಲವು ಸಲ ತಿದ್ದಬೇಕು. ಜೊತೆಜೊತೆಗೆ ವಾಕ್‌ಚಿಕಿತ್ಸೆಯೂ ಸಾಗಬೇಕು. ಹುಟ್ಟುಕಿವುಡಿರುವ ಮಗುವಿಗೆ ಎಳೆಯ ವಯಸ್ಸಿನಲ್ಲೇ ಇದು ದೊರೆತರೆ ಮಾತು ಕಲಿಯುವ ಸಾಧ್ಯತೆ ಅಧಿಕ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಸಮಸ್ಯೆ ಇಲ್ಲಿಂದಲೇ ಆರಂಭವಾಗುತ್ತದೆ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಇಂಡಿಯಿಂದ ಅದು 600 ಕಿಲೋಮೀಟರಿಗೂ ಮೀರಿದ ಹಾದಿ. ಕೇಂದ್ರ ಸರ್ಕಾರದ ಸಾಧನ ನೆರವು ಯೋಜನೆಯು 2014ರ ಪರಿಷ್ಕರಣೆಯಲ್ಲಿ ವರ್ಷಕ್ಕೆ 500 ಮಕ್ಕಳಿಗೆ, ತಲಾ 6 ಲಕ್ಷ ರೂಪಾಯಿಗಳ ಮಿತಿಯಲ್ಲಿ ಇಂಪ್ಲಾಂಟ್ ಒದಗಿಸಲು ಅವಕಾಶ ಕಲ್ಪಿಸಿತು. ಯಂತ್ರ ಉಚಿತವಾಗಿ ದೊರೆತರೂ ಪ್ರತಿ ಮ್ಯಾಪಿಂಗ್‌ಗೆ ದೂರದ ನಗರಕ್ಕೆ ಮಗುವನ್ನು ಕರೆದೊಯ್ಯುವ ಕೂಲಿಕಾರ ಕುಟುಂಬಕ್ಕೆ ಪ್ರಯಾಣದ ವೆಚ್ಚದೊಡನೆ ದಿನಗೂಲಿಯ ನಷ್ಟವೂ ಸೇರುತ್ತದೆ. ಬಿಸಿಲು, ಬೆವರು, ಧೂಳು ಹೊರಸಾಧನಕ್ಕೆ ಹಾನಿಕರ. ಸುರುಳಿಯ ತೆಳುವಾದ ತಂತಿ ತುಂಡಾದರೆ ಬದಲಿ ಬರುವವರೆಗೆ ಮಗು ಪುನಃ ನಿಶ್ಶಬ್ದದಲ್ಲಿರುತ್ತದೆ. ಕಲಿತ ಮಾತು ಹಿಂದೆ ಬೀಳುವ ಅಪಾಯವೂ ಇದೆ.

ಇದಕ್ಕೆ ಪರಿಹಾರದ ಒಂದು ಮಾರ್ಗವನ್ನು ತಂತ್ರಜ್ಞಾನವೇ ತೋರಿದೆ. ದೂರದಿಂದಲೇ ಮ್ಯಾಪಿಂಗ್ ನಡೆಸುವ ಸೌಲಭ್ಯಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಒಪ್ಪಿಗೆ ನೀಡಿತು. ಮಗುವಿನ ಬಳಿ ಸಂಪರ್ಕಸಾಧನ, ತರಬೇತಿ ಪಡೆದ ಸಹಾಯಕರು, ಭರವಸೆಯ ಅಂತರ್ಜಾಲ ಇದ್ದರೆ ತಜ್ಞರು ನಗರದಲ್ಲೇ ಕುಳಿತು ಕೆಲಸ ಪೂರೈಸಬಹುದು. ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆಗೆ ಒಳಪಡಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಜನ್ಮಜಾತ ಕಿವುಡು ಅದರ ವ್ಯಾಪ್ತಿಯಲ್ಲಿದೆ. ಪತ್ತೆಯ ಈ ವ್ಯವಸ್ಥೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ದೂರಮ್ಯಾಪಿಂಗ್ ಮತ್ತು ಬಿಡಿಭಾಗಗಳ ಪೂರೈಕೆಯನ್ನು ಜೋಡಿಸುವುದು ಅಸಾಧ್ಯವೇನಲ್ಲ. ವಾಕ್‌ಚಿಕಿತ್ಸೆಯ ಪಾಠಗಳು ಗ್ರಾಂಥಿಕ ಕನ್ನಡಕ್ಕೆ ಸೀಮಿತವಾಗದೆ, ‘ಯವ್ವಾ’, ‘ಅಪ್ಪಾ’ ಎಂಬ ಮನೆಮಾತಿನಿಂದಲೇ ಮೊದಲಾಗುವುದೂ ಅವಶ್ಯ. ಮಗುವಿಗೆ ದಿನವಿಡೀ ಕೇಳಿಸುವುದು ಅದೇ ನುಡಿ.

ಚರ್ಮದ ಕೆಲವು ಮಿಲಿಮೀಟರುಗಳನ್ನು ದಾಟುವ ವಿದ್ಯೆ ವಿಜ್ಞಾನಕ್ಕೆ ಸಿದ್ಧಿಸಿದೆ. ಊರಿಗೂ ಚಿಕಿತ್ಸಾಲಯಕ್ಕೂ ನಡುವಿನ ನೂರಾರು ಕಿಲೋಮೀಟರುಗಳನ್ನು ದಾಟಿಸುವ ಹೊಣೆ ಆಡಳಿತದ್ದು, ಸಮಾಜದ್ದು.