ಹಡಗುಗಳನ್ನು ಕಾಯಿಸಿದ ಊರು ದುಬ್ರೋವ್ನಿಕ್

ಕ್ರೊಯೇಷಿಯಾದ ದಕ್ಷಿಣ ಕರಾವಳಿಯಲ್ಲಿ, ಏಡ್ರಿಯಾಟಿಕ್ ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ದುಬ್ರೋವ್ನಿಕ್‌ನ ಹಳೆಯ ಊರಿದೆ. ಕೋಟೆಯ ಮಗ್ಗುಲಿನ ಪುಟ್ಟ ಬಂದರಿಗೆ ಇಂದಿನ ದೊಡ್ಡ ಕ್ರೂಸ್ ಹಡಗುಗಳು ಬರಲಾರವು. ಅವು ನಿಲ್ಲುವುದು ಸುಮಾರು 3 ಕಿಲೋಮೀಟರ್ ಆಚೆಯ ಗ್ರೂಜ್ ಬಂದರಿನಲ್ಲಿ. ಬೆಳಗ್ಗೆ ಇಳಿದ ಪ್ರಯಾಣಿಕರು ಬಸ್ಸಿನಲ್ಲಿ ಪಿಲೆ ಬಾಗಿಲಿಗೆ ಬಂದು, ಸಾಮಾನ್ಯವಾಗಿ ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ.

ಬಾಗಿಲು ದಾಟುತ್ತಿದ್ದಂತೆ ಎದುರಾಗುವುದು ಒನೋಫ್ರಿಯೋನ ಕಾರಂಜಿ. ಇಟಲಿಯಿಂದ ಬಂದ ಈ ಕುಶಲಿ 1430ರ ದಶಕದಲ್ಲಿ ಸುಮಾರು 12 ಕಿಲೋಮೀಟರ್ ದೂರದ ಬುಗ್ಗೆಯಿಂದ ಊರಿಗೆ ನೀರು ಹರಿಸಿದ. ಪಕ್ಕದ ಫ್ರಾನ್ಸಿಸ್ಕನ್ ಮಠದ ಔಷಧಾಲಯ 1317ರಷ್ಟು ಹಳೆಯದು. ಅಲ್ಲಿಂದ ಮುಂದಕ್ಕೆ ಸ್ಟ್ರಾಡೂನ್ ಬೀದಿ. ಉದ್ದ 300 ಮೀಟರಿನ ಆಸುಪಾಸು. ಲಕ್ಷಾಂತರ ಪಾದಗಳು ಸವೆಸಿದ ಸುಣ್ಣಕಲ್ಲು ಕನ್ನಡಿಯಂತೆ ಹೊಳೆಯುತ್ತದೆ. ಇಕ್ಕೆಲದ ಮನೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದಕ್ಕೆ ಕಾರಣವಿದೆ: 1667ರ ಏಪ್ರಿಲ್ 6ರ ಭೂಕಂಪದಲ್ಲಿ ಊರಿನ ಬಹುಭಾಗ ನೆಲಸಮವಾಗಿ, ಈ ಬೀದಿಯನ್ನು ಒಂದೇ ನಕ್ಷೆಯಂತೆ ಮತ್ತೆ ಕಟ್ಟಲಾಯಿತು.

ಸಮಯ ಕಡಿಮೆಯಿದ್ದವರು ಮೊದಲು ಏರಬೇಕಾದದ್ದು ಕೋಟೆಗೋಡೆ. ಅದರ ಸುತ್ತಳತೆ 1,940 ಮೀಟರ್, ಕೆಲವೆಡೆ ಎತ್ತರ 25 ಮೀಟರ್. ಮೇಲಿಂದ ನೋಡಿದರೆ ಹೆಂಚುಗಳಲ್ಲಿ ಎರಡು ಬಣ್ಣ: ಮಾಸಿದವು ಹಳೆಯವು, ಕೆಂಪಗೆ ಹೊಳೆಯುವವು ಕ್ರೊಯೇಷಿಯಾದ ಸ್ವಾತಂತ್ರ್ಯ ಯುದ್ಧದ ವೇಳೆ, 1991–92ರಲ್ಲಿ, ನಡೆದ ಶೆಲ್ ದಾಳಿಯ ನಂತರ ಹೊದಿಸಿದವು. ಯುದ್ಧದ ಗಾಯವನ್ನು ಇಷ್ಟು ನೇರವಾಗಿ ತೋರಿಸುವ ನೋಟ ಊರಿನಲ್ಲಿ ಇನ್ನೊಂದಿಲ್ಲ.

ಈ ಊರು ಒಂದು ಕಾಲದಲ್ಲಿ ರಗೂಸಾ ಎಂಬ ಪುಟ್ಟ ಗಣರಾಜ್ಯ. 1358ರಲ್ಲಿ ವೆನಿಸ್ಸಿನ ಹಿಡಿತದಿಂದ ಬಿಡಿಸಿಕೊಂಡು, 1808ರಲ್ಲಿ ನೆಪೋಲಿಯನ್ನನ ಸೇನೆ ರದ್ದು ಮಾಡುವವರೆಗೂ ಬಾಳಿತು. ಸೇನಾಬಲಕ್ಕಿಂತ ಹಡಗು, ವ್ಯಾಪಾರ ಮತ್ತು ರಾಜತಂತ್ರವನ್ನೇ ಅದು ನಂಬಿತ್ತು. ಒಟ್ಟೋಮನ್ ಸುಲ್ತಾನರಿಗೆ ವರ್ಷಾವರ್ಷ ಕಪ್ಪ ಕೊಟ್ಟು ಅವರ ನಾಡಿನೊಳಗೆ ವ್ಯಾಪಾರ ಮಾಡುತ್ತಿತ್ತು. ರೆಕ್ಟರ್ ಎಂಬ ಮುಖ್ಯಸ್ಥನ ಅಧಿಕಾರಾವಧಿ ಒಂದೇ ತಿಂಗಳು. ಅಧಿಕಾರ ಒಬ್ಬನ ಕೈಯಲ್ಲಿ ಬೇರೂರದಿರಲಿ ಎಂಬುದೇ ಇದರ ಉದ್ದೇಶ.

ಸ್ಟ್ರಾಡೂನ್ ಮುಗಿದು ಪ್ಲೋಚೆ ಬಾಗಿಲು ದಾಟಿದರೆ ಲಾಜರೆಟಿ ಎಂಬ ಕಲ್ಲಿನ ಕೋಣೆಗಳ ಸಾಲು. ಬಹುಪಾಲು ಪ್ರವಾಸಿಗರು ಇದರತ್ತ ತಿರುಗಿ ನೋಡುವುದಿಲ್ಲ. ದುಬ್ರೋವ್ನಿಕ್ ಜಗತ್ತಿಗೆ ಕೊಟ್ಟ ದೊಡ್ಡ ಕೊಡುಗೆಯ ಕುರುಹು ಇರುವುದು ಇಲ್ಲೇ. ಪ್ಲೇಗ್ ಹಾವಳಿಯ ನಡುವೆ, 1377ರಲ್ಲಿ, ಇಲ್ಲಿನ ಮಹಾಸಭೆ ಒಂದು ಕಟ್ಟಳೆ ತಂದಿತು: ಸೋಂಕಿತ ಪ್ರದೇಶದಿಂದ ಬಂದವರು ಊರು ಹೊಗುವ ಮುನ್ನ ಮರ್ಕಾನ್ ದ್ವೀಪದಲ್ಲೋ ಸವ್ತಾತ್ ಪಟ್ಟಣದಲ್ಲೋ 30 ದಿನ ತಂಗಬೇಕು. ಬಂದರು ಮುಚ್ಚಿದರೆ ಹೊಟ್ಟೆಪಾಡೇ ನಿಲ್ಲುತ್ತಿತ್ತು, ತೆರೆದಿಟ್ಟರೆ ಸಾವು ಒಳಬರುತ್ತಿತ್ತು. ಕಾಯಿಸುವುದು ಈ ಎರಡರ ನಡುವೆ ಅವರು ಕಂಡುಕೊಂಡ ದಾರಿ. ಮುಂದೆ ಅವಧಿ 40 ದಿನಕ್ಕೆ ಬೆಳೆಯಿತು. ಕೋವಿಡ್ ಕಾಲದಲ್ಲಿ ಕನ್ನಡಿಗರ ಬಾಯಲ್ಲೂ ನಲಿದಾಡಿದ ‘ಕ್ವಾರಂಟೈನ್’, ಇಟಲಿಯ ‘ನಲವತ್ತು’ ಎಂಬ ಪದದಿಂದ ಹುಟ್ಟಿದ್ದು. ಲಾಜರೆಟಿಯ ಕಟ್ಟಡಗಳು ಎದ್ದದ್ದು ತಡವಾಗಿ, 17ನೇ ಶತಮಾನದ ಹೊತ್ತಿಗೆ; ಈಗ ಅಲ್ಲಿ ಕಲಾ ಕಾರ್ಯಕ್ರಮಗಳು ನಡೆಯುತ್ತವೆ.

ಈಚಿನ ಸಮಸ್ಯೆ ಬೇರೆ. 1979ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಈ ಊರು ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಚಿತ್ರೀಕರಣದ ನಂತರ ಇನ್ನಷ್ಟು ಹೆಸರಾಯಿತು. ಬೇಸಿಗೆಯಲ್ಲಿ ಹಲವು ಹಡಗುಗಳ ಜನ ಒಮ್ಮೆಲೇ ನುಗ್ಗಿ ಕಿರುಬೀದಿಗಳಲ್ಲಿ ಕಾಲಿಡಲೂ ಜಾಗವಿಲ್ಲದಂತಾಯಿತು. ಗೋಡೆಯೊಳಗಿನ ಮನೆಗಳು ಅತಿಥಿಗಳ ಕೋಣೆಗಳಾಗಿ, ನಿವಾಸಿಗಳು ಊರಾಚೆ ಹೋದರು. ಕೊನೆಗೆ ನಗರಾಡಳಿತ ಮಿತಿ ಹಾಕಿತು: 2019ರಿಂದ ಒಂದು ಹೊತ್ತಿಗೆ ಎರಡೇ ಕ್ರೂಸ್ ಹಡಗು, ಹೆಚ್ಚೆಂದರೆ 4,000 ಪ್ರಯಾಣಿಕರು. ಮೂರನೆಯ ಹಡಗು ಬೇರೆ ಹೊತ್ತನ್ನೋ ಬೇರೆ ದಿನವನ್ನೋ ಹುಡುಕಿಕೊಳ್ಳಬೇಕು.