ನಿಮಗಿದು ಗೊತ್ತೆ? ಹಸುಗೂಸಿನ ಎದೆಬಡಿತ
ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ಆಗಷ್ಟೇ ಹುಟ್ಟಿದ ಕೂಸಿನ ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ನಿಮಿಷಕ್ಕೆ 120ರಿಂದ 160 ಬಡಿತ ಕೇಳಿಸುವುದು ಸಹಜ. ಗಾಢ ನಿದ್ದೆಯಲ್ಲಿ ಅದು 90ರ ಆಸುಪಾಸಿಗೂ ಇಳಿಯಬಹುದು. ನಡುವೆ ಒಂದು ಬಡಿತ ತಪ್ಪಿದಂತಾದರೆ ಹೆತ್ತವರ ಜೀವ ಬಾಯಿಗೆ ಬರುತ್ತದೆ. ಹೆಚ್ಚಿನ ಸಲ ಅದು ಹೃದಯದ ಮೇಲ್ಕೋಣೆಯಿಂದ ತುಸು ಮುಂಚೆಯೇ ಹೊರಟ ಬಡಿತ ಅಷ್ಟೆ. ಆರೋಗ್ಯವಂತ ಶಿಶುಗಳಲ್ಲಿ ಇಂಥ ಅಕಾಲದ ಬಡಿತ ಕೆಲವು ವಾರಗಳಲ್ಲಿ ತಾನಾಗಿ ನಿಲ್ಲುತ್ತದೆ.

ಆದರೂ ಖಚಿತವಾಗಲು ಇಸಿಜಿ ಬೇಕೇ ಬೇಕು. ಅಗತ್ಯವಿದ್ದರೆ ರಕ್ತದ ಕ್ಯಾಲ್ಸಿಯಂ, ಪೊಟ್ಯಾಶಿಯಂ ಪರೀಕ್ಷೆ, ಹೃದಯದ ಎಕೋ ಸ್ಕ್ಯಾನ್.

ಬಡಿತ 220 ದಾಟಿ ಒಂದೇ ಸಮನೆ ಓಡುತ್ತಿದ್ದರೆ ಮಾತೇ ಬೇರೆ. ಮಗು ಹಾಲು ಕುಡಿಯುವುದನ್ನು ಬಿಡುತ್ತದೆ, ಬೆವರುತ್ತದೆ, ಉಸಿರು ಮೇಲೇರುತ್ತದೆ. ಆಗ ವೈದ್ಯರು ಮುಖದ ಮೇಲೆ ಕೆಲವು ಸೆಕೆಂಡು ಮಂಜುಗಡ್ಡೆಯ ಚೀಲ ಇಡುವುದುಂಟು! ಆ ತಣ್ಪಿಗೆ ವೇಗಸ್ ನರ ಎಚ್ಚೆತ್ತು ಹೃದಯದ ಓಟಕ್ಕೆ ತಡೆ ಹಾಕುತ್ತದೆ. (ಮನೆಯಲ್ಲಿ ಯಾರೂ ಇದನ್ನು ಮಾಡಬಾರದು.) ಜಗ್ಗದಿದ್ದರೆ ಅಡೆನೋಸಿನ್ ಚುಚ್ಚುಮದ್ದು.

ಬಡಿತ ತೀರಾ ನಿಧಾನವಾಗಿದ್ದರೆ ತಾಯಿಯ ರಕ್ತವನ್ನೂ ಪರೀಕ್ಷಿಸುತ್ತಾರೆ. ಲೂಪಸ್‌ನಂಥ ಕಾಯಿಲೆಯ ಪ್ರತಿಕಾಯಗಳು ಗರ್ಭದಲ್ಲೇ ಮಗುವಿನ ಹೃದಯದ ವಿದ್ಯುತ್ ಹಾದಿಯನ್ನು ಕೆಡಿಸಬಲ್ಲವು. ತಾಯಿಗೆ ರೋಗಲಕ್ಷಣವೇ ಇಲ್ಲದಿರಬಹುದು. ಇಂಥ ಕೆಲವು ಶಿಶುಗಳಿಗೆ ಪೇಸ್‌ಮೇಕರ್ ಅಳವಡಿಸಬೇಕಾಗುತ್ತದೆ.